ಅಪ್ಪನ ಎದೆನೋವು, ಅಪ್ಪನ ಬೀಡಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ರಜಕ್ಕೆ ಊರಿಗೆ ಹೋದಾಗ ನಮ್ಮಲ್ಲಿ ಎಷ್ಟೋ ಜನ ಇದನ್ನು ನೋಡಿರ್ತೀವಿ. ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯಿಂದ ಬಂದ ಅಪ್ಪ ಜಗುಲಿ ಮೇಲೆ ಕೂತು ಮತ್ತೆ ಬೀಡಿ ಹಚ್ತಾನೆ. ನಾಲ್ಕಕ್ಷರ ಕಲಿತ ನಾವು ರೇಗ್ತೀವಿ: "ಏನಪ್ಪ, ಸಾಯ್ಬೇಕು ಅಂತ ಮಾಡಿದ್ದೀಯಾ?" ಅಪ್ಪ ಎದ್ದು ಹಿತ್ತಲಿಗೆ ಹೋಗಿ ಸೇದ್ತಾನೆ. ಅಲ್ಲಿಗೆ ನಮ್ಮ ಭಾಷಣ ಮುಗೀತು.

ಬೈಯೋಕೆ ಮೊದಲು ಯೋಚಿಸೋಣ. ಕಂಡವರ ಗದ್ದೇಲಿ ದಿನವಿಡೀ ಬಗ್ಗಿ ದುಡಿಯೋನು ಸುಮ್ಮನೆ ಕೂರೋ ಹಾಗಿರಲಿಲ್ಲ. ಬೀಡಿ ಹಚ್ಚಿದರೆ ಐದು ನಿಮಿಷ ಕೂರಬಹುದಿತ್ತು. ಹಸಿವನ್ನೂ ಅದೇ ಮರೆಸ್ತಿತ್ತು. ಆಮೇಲೆ ನಿಕೋಟಿನ್ ಮೆದುಳನ್ನು ಹಿಡಿದುಕೊಂಡಿತು. ಈಗ ಬಿಡ್ತೀನಿ ಅಂದರೂ ಕೈ ಬೀಡಿ ಕಟ್ಟಿನ ಕಡೆಗೇ ಹೋಗುತ್ತೆ.

ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನೋದು ಸುಳ್ಳು. ಅದರ ಹೊಗೆಯಲ್ಲೂ ಇರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತೆ. ಹೊಗೆ ರಕ್ತ ಹೆಪ್ಪುಗಟ್ಟಿಸುತ್ತೆ, ರಕ್ತನಾಳ ಬಿಗಿಸುತ್ತೆ. ದಿನಕ್ಕೆ ಎರಡೇ ಅಂದರೂ ಅಪಾಯ ತಪ್ಪಲ್ಲ. "ರೋಗ ಬಂದಾಯ್ತು, ಇನ್ನು ಬಿಟ್ಟೇನು?" ಅನ್ನೋ ಮಾತೂ ತಪ್ಪು. ಹೃದ್ರೋಗ ಬಂದ ಮೇಲೆ ಬಿಟ್ಟವರಲ್ಲೂ ಸಾವಿನ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತೆ.

ನಾವೇನು ಮಾಡಬಹುದು? ಜೊತೇಲಿ ಕೂತು ಕೇಳಿ: ಯಾವಾಗ ಸೇದಬೇಕು ಅನ್ನಿಸುತ್ತಪ್ಪ? ಟೀ ಕುಡಿದ ಮೇಲಾ, ಉಂಡ ಮೇಲಾ? ಬಿಡೋ ದಿನ ಅವನೇ ಗೊತ್ತುಮಾಡಲಿ. ಆ ದಿನದಿಂದ ಮನೇಲಿ ಬೀಡಿ ಕಟ್ಟು ಇರಬಾರದು. ಮೊದಲ ವಾರಗಳಲ್ಲಿ ಸಿಡುಕು, ನಿದ್ದೆಗೇಡು ಇರುತ್ತೆ, ಸಹಿಸಿಕೊಳ್ಳಿ. ಆಸೆ ಎದ್ದಾಗ ಕೆಲವು ನಿಮಿಷ ತಡೆದರೆ ಇಳಿಯುತ್ತೆ. ಆಗ ನೀರು ಕೊಡಿ, ಮಾತಿಗೆಳೀರಿ. ಹೃದ್ರೋಗಿಗಳೂ ಡಾಕ್ಟರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು. 1800-11-2356ಕ್ಕೆ ಫೋನ್ ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲೇ ಸಲಹೆ ಸಿಗುತ್ತೆ. ಬೀಡಿ ಬಿಟ್ಟು ಹೊಗೆಸೊಪ್ಪು ಹಿಡಿಯೋಕೆ ಬಿಡಬೇಡಿ. ತಪ್ಪಿ ಒಂದು ಸೇದಿದರೆ ಹಂಗಿಸಬೇಡಿ. ಮಾರನೇ ದಿನ ಮತ್ತೆ ಶುರುಮಾಡಿಸಿ.

ಕಡೇ ಮಾತು. ನಮ್ಮ ಹಾಸ್ಟೆಲ್ ಕಿಟಕಿ ಕೆಳಗೂ ಸಿಗರೇಟು ತುಂಡು ಬಿದ್ದಿವೆ. ಜೇಬಲ್ಲಿ ಪ್ಯಾಕ್ ಇಟ್ಕೊಂಡು ಅಪ್ಪನಿಗೆ ಬುದ್ಧಿ ಹೇಳೋಕಾಗಲ್ಲ. ಅಪ್ಪ ಬಿಡೋ ದಿನವೇ ನಾವೂ ಬಿಡೋಣ. ಬೀಡಿ ಇಲ್ಲದೆಯೂ ಅವನು ಐದು ನಿಮಿಷ ಕೂರಲಿ, ಪಕ್ಕದಲ್ಲಿ ನಾವಿರೋಣ. ಆ ಬಿಡುವು ಅವನ ಹಕ್ಕು.