ಪ್ರವಾಸ ನಮ್ಮ ತಾಲ್ಲೂಕಿನಿಂದಲೇ ಶುರುವಾಗಲಿ



ಸ್ವಿಟ್ಜರ್ಲೆಂಡ್ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದೀರಿ. ಅಲ್ಲಿ 3,454 ಮೀಟರ್ ಎತ್ತರದ ಹಿಮದ ನೆತ್ತಿಗೆ 1912ರಿಂದಲೇ ರೈಲು ಓಡುತ್ತಿದೆ. ಜಿನೀವಾ ಸರೋವರದ ದಡದಲ್ಲಿ ಶಿಯೋಂ ಎಂಬ ಹಳೆಯ ಕೋಟೆಯಿದೆ. ಆ ಕೋಟೆಯ ಒಂದೊಂದು ಕೋಣೆಯಲ್ಲೂ ಮಕ್ಕಳನ್ನು ನಿಲ್ಲಿಸಿಕೊಂಡು ಮೇಷ್ಟ್ರು ಕಥೆ ಹೇಳುತ್ತಿದ್ದರು. ನನಗೆ ಹಿಮಕ್ಕಿಂತ ಅದೇ ಹೆಚ್ಚು ಹಿಡಿಸಿತು.

ಬೆಟ್ಟ, ನೀರು, ಕೋಟೆ ನಮ್ಮಲ್ಲೂ ಇವೆ. ಕೆಳದಿ ಚೆನ್ನಮ್ಮಾಜಿಯ ಹೆಸರು ಹೊತ್ತ ಚನ್ನಗಿರಿಯಲ್ಲಿ ಗುಡ್ಡದ ಮೇಲೆ ಕೋಟೆಯಿದೆ. ಸಂತೇಬೆನ್ನೂರಿನ ಪುಷ್ಕರಣಿಯ ನಡುನೀರಿನಲ್ಲಿ ವಸಂತ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆ ಇಂದಿಗೂ ಗದ್ದೆ, ತೋಟಗಳಿಗೆ ನೀರುಣಿಸುತ್ತಿದೆ. ನ್ಯಾಮತಿ ಸೀಮೆಯಲ್ಲಿ ತೀರ್ಥರಾಮೇಶ್ವರದ ಬೆಟ್ಟ, ಹೊನ್ನಾಳಿಯಲ್ಲಿ ತುಂಗಭದ್ರೆಯ ದಡ. ಜಗಳೂರಿನ ರಂಗಯ್ಯನದುರ್ಗ ಕಾಡಿನಲ್ಲಿ ಕೊಂಡುಕುರಿಯಿದೆ. ನಾಲ್ಕು ಕೊಂಬಿನ ಕಾಡುಪ್ರಾಣಿ ಭೂಮಿಯ ಮೇಲೆ ಅದೊಂದೇ. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ.

ಇವನ್ನೆಲ್ಲ ಕಂಡ ಮಕ್ಕಳು ನಮ್ಮಲ್ಲಿ ಎಷ್ಟು ಜನ? ಕಥೆ ಗೊತ್ತಿಲ್ಲದ ಕಲ್ಲು ನಾಳೆ ಯಾರದೋ ಮನೆಯ ಪಾಯ ಸೇರುತ್ತದೆ. ಹೆಸರು ಗೊತ್ತಿಲ್ಲದ ಪ್ರಾಣಿ ಸತ್ತರೂ ಯಾರೂ ಕೇಳುವುದಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ನನ್ನದೊಂದು ಕೋರಿಕೆ. ಪ್ರತಿವರ್ಷ ಎಂಟನೇ ತರಗತಿಯ ಮಕ್ಕಳನ್ನು ಒಂದು ದಿನ ಈ ಜಾಗಗಳಲ್ಲಿ ಒಂದಕ್ಕೆ ಕರೆದೊಯ್ಯೋಣ. ಬಸ್ಸಿನ ಖರ್ಚು ಹಳೆಯ ವಿದ್ಯಾರ್ಥಿಗಳದು, ಕಥೆ ಹೇಳುವ ಕೆಲಸ ಗುರುಗಳದು, ಬುತ್ತಿ ಊರಿನವರದು. ಮೊದಲ ವರ್ಷದ ಬಸ್ಸಿನ ಖರ್ಚು ನನ್ನದಿರಲಿ.