ಲಾಯದಲ್ಲಿ ಕಳವಳಗೊಳ್ಳುವ ಕುದುರೆ: ಕಾರಣ ಮತ್ತು ಉಪಶಮನ



ಕರ್ನಾಟಕದ ಹೊರಗೆ ನೆಲೆಸಿರುವ ನಮಗೆ ಕುದುರೆ ಅಪರಿಚಿತ ಪ್ರಾಣಿಯೇನಲ್ಲ. ಮುಂಬಯಿಯ ಮಹಾಲಕ್ಷ್ಮಿ, ಪುಣೆ, ಹೈದರಾಬಾದಿನ ಮಲಕಪೇಟೆ ಮುಂತಾದೆಡೆ ಪಂದ್ಯದ ಮೈದಾನಗಳಿವೆ. ಮೋಟಾರು ವಾಹನಗಳ ಸಂಚಾರಕ್ಕೆ ನಿರ್ಬಂಧವಿರುವ ಮಾಥೇರಾನಿನಲ್ಲಿ ಪ್ರವಾಸಿಗಳನ್ನೂ ಸರಕನ್ನೂ ಹೊರುವ ಕುದುರೆಗಳು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿವೆ. ಉತ್ತರ ಭಾರತದಲ್ಲಿ ಮದುವೆಯ ಮೆರವಣಿಗೆಗೂ ಇಟ್ಟಿಗೆ ಗೂಡುಗಳ ಸಾಗಣೆಗೂ ಕುದುರೆಗಳನ್ನು ದುಡಿಸುವುದುಂಟು.

ಇಂತಹ ಕುದುರೆಗಳಲ್ಲಿ ಕೆಲವು ಹೊರಗೆ ಶಾಂತವಾಗಿ ಕೆಲಸ ಮಾಡುತ್ತವೆ. ಆದರೆ ಲಾಯದೊಳಗೆ ಕಟ್ಟಿದೊಡನೆಯೇ ಕಳವಳಗೊಳ್ಳುತ್ತವೆ. ಮೇವು ಬಿಡುತ್ತವೆ, ಬೆವರುತ್ತವೆ, ಬಾಗಿಲಿಗೆ ಒದೆಯುತ್ತವೆ. ದಿನೇ ದಿನೇ ಮೈ ಇಳಿದು ಕೆಲಸಕ್ಕೆ ಬಾರದಂತಾಗುತ್ತವೆ. ಸಾಕಿದವನು ಅದನ್ನು ದುಷ್ಟ ಕುದುರೆಯೆಂದು ಬಗೆದು ಹೊಡೆಯುತ್ತಾನೆ, ಇಲ್ಲವೇ ಸಿಕ್ಕಿದ ಬೆಲೆಗೆ ಮಾರುತ್ತಾನೆ. ವಾಸ್ತವವಾಗಿ ಇದು ದುಷ್ಟತನವಲ್ಲ. ಯಾವುದೋ ಕೊರತೆಯ ಸೂಚನೆ. ಕೊರತೆಯನ್ನು ತುಂಬಿದರೆ ಬಹುಮಟ್ಟಿಗೆ ಕಳವಳವೂ ಶಮನವಾಗುತ್ತದೆ. ಈ ಮಾತನ್ನು ತಮ್ಮ ಗಮನಕ್ಕೆ ತರುವುದೇ ಇಂದಿನ ಭಾಷಣದ ಉದ್ದೇಶ.

ಕುದುರೆ ಬಯಲಿನ ಪ್ರಾಣಿ, ಹಿಂಡಿನ ಪ್ರಾಣಿ, ಅಪಾಯ ಕಂಡರೆ ಓಡಿ ಪಾರಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ನಿಂತಲ್ಲಿಂದಲೇ ಹೆಚ್ಚುಕಡಿಮೆ ಸುತ್ತಲಿನದೆಲ್ಲವನ್ನೂ ನೋಡಬಲ್ಲದು. ಅದನ್ನು ಗೋಡೆಗಳ ನಡುವೆ ಒಂಟಿಯಾಗಿ ನಿಲ್ಲಿಸಿದಾಗ ಸದ್ದು ಮಾತ್ರ ಕೇಳಿಸುತ್ತದೆ, ಸದ್ದಿನ ಮೂಲ ಕಾಣಿಸುವುದಿಲ್ಲ, ಓಡಲು ದಾರಿಯಿಲ್ಲ, ಜೊತೆಗಾರರೂ ಇಲ್ಲ. ಭಯವು ಅದರ ಸ್ವಭಾವಕ್ಕೆ ಸಹಜವಾದುದೇ ಆಗಿದೆ.

ಆಹಾರದ ವಿಷಯವೂ ಇಷ್ಟೇ ಮುಖ್ಯ. ಬಯಲಿನಲ್ಲಿರುವ ಕುದುರೆ ದಿನದ ಬಹುಭಾಗವನ್ನು ಮೇಯುವುದರಲ್ಲೇ ಕಳೆಯುತ್ತದೆ. ಅದರ ಜಠರವು ದೇಹದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು. ಮೇವು ಇರಲಿ ಇಲ್ಲದಿರಲಿ, ಅದರಲ್ಲಿ ಆಮ್ಲವು ಸದಾ ಸ್ರವಿಸುತ್ತಿರುತ್ತದೆ. ಮೇವನ್ನು ಅಗಿಯುವಾಗ ಒಸರುವ ಜೊಲ್ಲು ಆ ಆಮ್ಲವನ್ನು ಸೌಮ್ಯಗೊಳಿಸುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಧಾನ್ಯ ಕೊಟ್ಟು ಉಳಿದ ವೇಳೆ ಗೋದಲಿಯನ್ನು ಬರಿದಾಗಿಟ್ಟರೆ ಹೊಟ್ಟೆಯಲ್ಲಿ ಉರಿಯುಂಟಾಗಿ ಕ್ರಮೇಣ ಹುಣ್ಣುಗಳಾಗಬಹುದು. ಇಂತಹ ಕುದುರೆಗೆ ಲಾಯವೆಂದರೆ ನೋವಿನ ತಾಣ.

ಕಳವಳದ ಲಕ್ಷಣಗಳು ಹಲವು. ಬಾಗಿಲ ಬಳಿ ನಿಂತು ತಲೆಯನ್ನೂ ಕತ್ತನ್ನೂ ಎಡಬಲಕ್ಕೆ ಸತತವಾಗಿ ತೂಗಾಡಿಸುವುದು, ಲಾಯದೊಳಗೆ ಒಂದೇ ಜಾಡಿನಲ್ಲಿ ಸುತ್ತುವುದು, ಗೋದಲಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದು ಸದ್ದಿನೊಡನೆ ಗಾಳಿಯನ್ನು ಒಳಗೆಳೆಯುವುದು, ಪದೇ ಪದೇ ಕೆನೆಯುವುದು, ನೀರಿನಂತೆ ಲದ್ದಿ ಹಾಕುವುದು ಇವುಗಳಲ್ಲಿ ಪ್ರಧಾನವಾದವು. ಒಂದೇ ಲಾಯದ ಹಲವು ಕುದುರೆಗಳಲ್ಲಿ ಇಂತಹ ಚಾಳಿ ಕಂಡುಬಂದರೆ, ಒಂದನ್ನು ನೋಡಿ ಇನ್ನೊಂದು ಕಲಿಯಿತೆಂದು ಹೇಳುವ ಮೊದಲು, ಅವೆಲ್ಲಕ್ಕೂ ಒಂದೇ ಕೊರತೆ ಬಾಧಿಸುತ್ತಿದೆಯೇ ಎಂದು ಪರಿಶೀಲಿಸುವುದು ಸೂಕ್ತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕುದುರೆ ನೆಲವನ್ನು ಕೆರೆಯುತ್ತ, ಹಿಂತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತ, ಮತ್ತೆ ಮತ್ತೆ ಮಲಗಿ ಹೊರಳಾಡುತ್ತಿದ್ದರೆ ಅದು ಹೊಟ್ಟೆಶೂಲೆಯಾಗಿರಬಹುದು. ಇದು ಪ್ರಾಣಾಂತಿಕವಾಗುವ ಸಂಭವವುಂಟು. ಒಡನೆಯೇ ಪಶುವೈದ್ಯರನ್ನು ಕರೆಸಬೇಕು. ಹಲ್ಲು, ಗೊರಸು, ಜಠರಗಳ ನೋವು ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ಬಳಿಕವೇ ಮುಂದಿನ ಕ್ರಮಗಳನ್ನು ಕೈಗೊಳ್ಳುವುದು ಒಳಿತು.

ಮೊದಲನೆಯ ಕ್ರಮ ಜೊತೆ ಒದಗಿಸುವುದು. ಹೊಂದಿಕೊಂಡ ಇನ್ನೊಂದು ಕುದುರೆ ಕಣ್ಣಿಗೆ ಕಾಣುವಂತೆ, ಸಾಧ್ಯವಾದರೆ ಮೂತಿಗೆ ಮೂತಿ ತಾಗುವಂತೆ ಇರಬೇಕು. ನಡುಗೋಡೆಯ ಮೇಲ್ಭಾಗವನ್ನು ತೆಗೆದು ಸರಳುಗಳನ್ನು ಹಾಕಿಸುವುದು ಹೆಚ್ಚು ವೆಚ್ಚದ ಕೆಲಸವಲ್ಲ. ಇನ್ನೊಂದು ಕುದುರೆ ಇಲ್ಲದ ಕಡೆ ಮೇಕೆಯನ್ನು ಜೊತೆಗಿಡುವ ರೂಢಿಯೂ ಇದೆ. ಒಡೆಯದ ಕನ್ನಡಿಯನ್ನು ಗೋಡೆಗೆ ಹಾಕಿದಾಗ ತಲೆ ತೂಗಾಡಿಸುವ ಚಾಳಿ ಗಣನೀಯವಾಗಿ ತಗ್ಗಿದುದು ಇಂಗ್ಲೆಂಡಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವು ಅಶ್ವಶಾಲೆಯಲ್ಲಿ ಕಪಿ, ನವಿಲು, ಗಿಳಿ ಮೊದಲಾದ ಪ್ರಾಣಿಪಕ್ಷಿಗಳಿರಬೇಕೆಂದು ವಿಧಿಸುತ್ತದೆ. ನಮ್ಮ ಪ್ರಾಚೀನರ ಲಾಯವು ನಿರ್ಜನವಾದ ಕತ್ತಲೆ ಕೋಣೆಯಾಗಿರಲಿಲ್ಲ.

ಎರಡನೆಯದು ಮೇವು. 300 ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ 4.5ರಿಂದ 6 ಕಿಲೋಗ್ರಾಂ ಒಣಹುಲ್ಲು ಬೇಕು. ಇದನ್ನು ಹಲವು ಸಲವಾಗಿ ಹಂಚಿಕೊಡಬೇಕು. ರಾತ್ರಿಯ ದೀರ್ಘಾವಧಿಗೆಂದು ದೊಡ್ಡ ಪಾಲನ್ನು ಉಳಿಸಿಕೊಳ್ಳಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ, ಕಾಲು ಸಿಲುಕದಷ್ಟು ಎತ್ತರದಲ್ಲಿ ಹುಲ್ಲನ್ನು ಕಟ್ಟಿದರೆ ಅದು ಬೇಗನೆ ಮುಗಿಯುವುದಿಲ್ಲ. ಹುರುಳಿ, ಬಾರ್ಲಿ, ಬೂಸಾಗಳು ಹುಲ್ಲಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಶುದ್ಧವಾದ ನೀರು ಸದಾ ದೊರೆಯುವಂತಿರಬೇಕು.

ಮೂರನೆಯದು ಚಲನೆ. ಕೆಲಸವಿಲ್ಲದ ದಿನವೂ ಕುದುರೆಯನ್ನು ಹೊರಗೆ ಬಿಡಬೇಕು ಅಥವಾ ನಡೆಸಬೇಕು. ಸಾಮಾನ್ಯ ಗಾತ್ರದ ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಲಾಯ ಯೋಗ್ಯವಾದುದು. ಕುದುರೆ ಗಾಢನಿದ್ರೆಯ ಒಂದು ಹಂತವನ್ನು ಮಲಗಿಯೇ ಪಡೆಯಬೇಕಾದುದರಿಂದ ಒಣಗಿದ ಮೆತ್ತನೆಯ ಹಾಸು ಅವಶ್ಯಕ. ಗಾಳಿ, ಬೆಳಕು ಧಾರಾಳವಾಗಿರಲಿ. ಮೂತ್ರದ ಘಾಟು ನಿಲ್ಲದಂತೆ ಪ್ರತಿದಿನ ಲಾಯವನ್ನು ಶುಚಿಗೊಳಿಸುವುದು ಕುದುರೆಯ ಶ್ವಾಸಕೋಶಗಳಿಗೂ ಹಿತಕರ.

ಈ ಮೂರು ಅಗತ್ಯಗಳನ್ನು ಪೂರೈಸಿದ ಬಳಿಕ ಲಾಯದ ಅಭ್ಯಾಸವನ್ನು ಮೆಲ್ಲಮೆಲ್ಲನೆ ಮಾಡಿಸಬೇಕು. ಹುಲ್ಲನ್ನು ಮೊದಲೇ ಒಳಗಿರಿಸಿ, ಜೊತೆಯ ಕುದುರೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಕಳವಳದ ಕುದುರೆಯನ್ನು ಕೆಲವೇ ನಿಮಿಷ ಒಳಗಿಟ್ಟು, ಅದು ಶಾಂತವಾಗಿರುವಾಗಲೇ ಹೊರಗೆ ತರಬೇಕು. ಈ ಅವಧಿಯನ್ನು ದಿನದಿಂದ ದಿನಕ್ಕೆ ಹೆಚ್ಚಿಸಬೇಕು. ಕಳವಳ ಮರುಕಳಿಸಿದರೆ ಹಿಂದಿನ ಹಂತಕ್ಕೆ ಮರಳಬೇಕು. ಜೊತೆಯ ಕುದುರೆಯನ್ನು ದೂರ ಒಯ್ಯುವುದನ್ನೂ ಹೀಗೆಯೇ ಕ್ಷಣಗಳಿಂದ ಪ್ರಾರಂಭಿಸಬೇಕು. ಕತ್ತಿನ ಬುಡದಲ್ಲಿ, ಹೆಗಲು ಸೇರುವೆಡೆಯಲ್ಲಿ ನಿಧಾನವಾಗಿ ಕೆರೆದರೆ ಕುದುರೆಯ ಹೃದಯಬಡಿತ ತಗ್ಗುತ್ತದೆ. ಕುದುರೆಗಳು ಸ್ನೇಹದಿಂದ ಪರಸ್ಪರ ಕೆರೆದುಕೊಳ್ಳುವ ಜಾಗವೂ ಅದೇ.

ಹೊಡೆಯುವುದು, ಗದರಿಸುವುದು, ಮೋಟು ಹಗ್ಗದಿಂದ ಬಿಗಿಯುವುದು ಸರ್ವಥಾ ಸಲ್ಲದು. ಗೋದಲಿ ಕಚ್ಚದಂತೆ ಕತ್ತಿಗೆ ಪಟ್ಟಿ ಬಿಗಿದರೆ ಚಾಳಿ ಅಡಗೀತು, ಕಾರಣ ಅಡಗದು. ವೈದ್ಯರ ಸಲಹೆಯಿಲ್ಲದೆ ಮಂಪರಿನ ಔಷಧ ಕೊಡಕೂಡದು. ಪ್ರಾಣಿಯನ್ನು ಮೋಟು ಅಥವಾ ಭಾರವಾದ ಹಗ್ಗ, ಸರಪಣಿಗಳಿಂದ ಅನುಚಿತ ಕಾಲಾವಧಿಯವರೆಗೆ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ ಪ್ರಕಾರ ಅಪರಾಧವೆಂಬುದನ್ನು ಸಾಕುವವರು ತಿಳಿದಿರಬೇಕು.

ಬಹುಕಾಲದಿಂದ ಬೇರೂರಿದ ಚಾಳಿ ಪೂರ್ಣವಾಗಿ ಹೋಗದೆ ಇರಬಹುದು. ಆದರೂ ಕುದುರೆ ನೆಮ್ಮದಿಯಾಗಿ ಮೇಯತೊಡಗಿದರೆ, ಮಲಗಿ ನಿದ್ರಿಸತೊಡಗಿದರೆ, ನಮ್ಮ ಪ್ರಯತ್ನ ಸಫಲವಾಯಿತೆಂದು ತಿಳಿಯಬಹುದು. ಸ್ವತಃ ಕುದುರೆ ಸಾಕದವರೂ ಸವಾರಿಗೆ ಹೋದಾಗ, ಮಕ್ಕಳನ್ನು ಸವಾರಿಶಾಲೆಗೆ ಸೇರಿಸುವಾಗ, ಅಲ್ಲಿನ ಲಾಯವನ್ನು ಒಮ್ಮೆ ಇಣುಕಿ ನೋಡಬೇಕು. ಗೋದಲಿಯಲ್ಲಿ ಹುಲ್ಲಿದೆಯೇ, ಪಕ್ಕದಲ್ಲಿ ಜೊತೆಯಿದೆಯೇ ಎಂದು ವಿಚಾರಿಸಬೇಕು. ಕೇಳುವವರಿದ್ದಾರೆಂದು ತಿಳಿದರೆ ನೋಡಿಕೊಳ್ಳುವವರೂ ಎಚ್ಚರವಹಿಸುತ್ತಾರೆ. ನಮಗಾಗಿ ದುಡಿಯುವ ಈ ಮೂಕಪ್ರಾಣಿಗೆ ದಣಿವಾರಿಸಿಕೊಳ್ಳುವ ವೇಳೆಯಲ್ಲಾದರೂ ಭಯವಿಲ್ಲದ ನೆಲೆಯೊಂದನ್ನು ಕಲ್ಪಿಸುವುದು ನಮ್ಮೆಲ್ಲರ ಹೊಣೆ.