ಅಂಗೈಯಲ್ಲಿ ಉಳಿದ ದೇವರು

ಪದವಿ ಪಡೆಯುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ,

ಇದು ಸಂಭ್ರಮದ ದಿನ, ಅಗಲಿಕೆಯ ದಿನವೂ ಹೌದು. ಇನ್ನೇನು ಹಾಸ್ಟೆಲಿನ ಕೋಣೆಗಳು ಖಾಲಿಯಾಗುತ್ತವೆ. ಮುಂದೆ ಇದಕ್ಕಿಂತ ದೊಡ್ಡ ಅಗಲಿಕೆಗಳೂ ಬರುತ್ತವೆ. ನಿಮ್ಮಲ್ಲಿ ಕೆಲವರು ‘ಅಪ್ಪ ಇರಬೇಕಿತ್ತು’, ‘ಅವ್ವ ನೋಡಬೇಕಿತ್ತು’ ಎಂದು ಈಗಲೇ ಒಳಗೊಳಗೆ ನೋಯುತ್ತಿರಬಹುದು. ಹಾಗೆ ನೋಯುವವರನ್ನು ನೆನೆದೇ ಈ ಮಾತು ಆಡುತ್ತಿದ್ದೇನೆ.

ಇಂಥ ಅಗಲಿಕೆಯನ್ನು ಉಂಡ ಶರಣರ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನಪಿಸಿಕೊಳ್ಳಿ. ಅಲ್ಲಿ ಶರಣರಾದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಮದುವೆಯಾಯಿತು. ಅದನ್ನೇ ತಪ್ಪೆಂದು ಎಣಿಸಿದ ಅರಸನ ಶಿಕ್ಷೆಗೆ ಇಬ್ಬರು ತಂದೆಯರೂ ಪ್ರಾಣ ತೆತ್ತರು. ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚೆದುರಿಹೋದರು. ಬಸವಣ್ಣ ಕೂಡಲಸಂಗಮ ಸೇರಿದರು, ಚೆನ್ನಬಸವಣ್ಣನವರ ಜೊತೆಗಿದ್ದವರು ಘಟ್ಟದ ಕಾಡು ಹಾದು ಉಳವಿ ತಲುಪಿದರು ಎನ್ನುತ್ತದೆ ಶರಣ ಪರಂಪರೆ.

ಅವರ ಮನೆ ಹೋಯಿತು, ಊರು ಹೋಯಿತು, ಒಡನಾಡಿಗಳು ಹೋದರು. ದೇವರು ಮಾತ್ರ ಹೋಗಲಿಲ್ಲ. ಎದೆಯ ಮೇಲಿನ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ಎವೆಯಿಕ್ಕದೆ ನೋಡುತ್ತ, ಅದರಲ್ಲಿ ತಮ್ಮೊಳಗಿನ ಚೈತನ್ಯವನ್ನೇ ಕಾಣುವುದು ಅವರ ಪೂಜೆ. ಅದಕ್ಕೆ ಗುಡಿ ಬೇಡ, ಪೂಜಾರಿ ಬೇಡ. ಕಾಡಿನ ಮರದಡಿಯಲ್ಲೂ ಅದು ನಡೆಯುತ್ತದೆ. ಅದನ್ನು ಕಸಿಯುವುದು ಯಾವ ಅರಸನಿಂದಲೂ ಆಗದು.

ಹಾಗೆಂದು ಅವರಿಗೆ ದುಃಖವೇ ಆಗಲಿಲ್ಲ ಎಂದು ತಿಳಿಯಬೇಡಿ. ಒಳಗಿನ ದೇವರು ಕಣ್ಣೀರು ತಡೆಯುವವನಲ್ಲ. ನಾವು ಅಳುವಾಗಲೂ ಜೊತೆಗಿರುವವನು. ನಾವು ಕಳೆದುಕೊಂಡವರ ಮೇಲಿನ ಪ್ರೀತಿ ಅವರೊಂದಿಗೆ ಹೋಗುವುದಿಲ್ಲ, ನಮ್ಮಲ್ಲೇ ಉಳಿಯುತ್ತದೆ. ಆ ಪ್ರೀತಿಯೇ ದೈವದ ಗುರುತು ಎಂಬುದು ನನ್ನ ದೃಢವಾದ ನಂಬಿಕೆ.

ಚೆದುರಿದ ಶರಣರು ವಚನಗಳ ಕಟ್ಟುಗಳನ್ನೂ ಹೊತ್ತು ನಡೆದರು. ಕೈಯಿಂದ ಕೈಗೆ, ಓಲೆಯಿಂದ ಓಲೆಗೆ ಅವು ದಾಟಿ ಬಂದವು. ಮನೆ ಮಠಗಳ ಜಗಲಿಗಳಲ್ಲಿ ಉಳಿದಿದ್ದ ಆ ತಾಳೆಗರಿಗಳನ್ನು ಅರಸಿ ಅಲೆದವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಎದೆಗುಂದಿದ ಹೊತ್ತಿನಲ್ಲೂ ಶರಣರು ಕೈಬಿಡದ ಕಾಯಕದ ಫಲ ಇಂದು ನಮ್ಮ ಪಾಲಿಗಿದೆ.

ವಿದ್ಯಾರ್ಥಿಗಳೇ, ಶರಣರು ಇಷ್ಟಲಿಂಗದ ಆ ಪೂಜೆಯನ್ನು ಕಲಿತದ್ದು ಸಂಕಟದ ದಿನವಲ್ಲ, ನೆಮ್ಮದಿಯ ದಿನಗಳಲ್ಲಿ, ನಿತ್ಯವೂ. ನೀವೂ ಇಂದಿನಿಂದಲೇ ದಿನಕ್ಕೊಂದಿಷ್ಟು ಹೊತ್ತು ಮೊಬೈಲ್ ಬದಿಗಿಟ್ಟು ನಿಮ್ಮೊಳಗೆ ನೋಡಿಕೊಳ್ಳಿ. ನಿಮ್ಮ ನಂಬಿಕೆ ಯಾವುದೇ ಇರಲಿ, ಆ ದಾರಿಯಲ್ಲೇ ನೋಡಿಕೊಳ್ಳಿ. ದುಃಖ ಬಂದಾಗ ಅಳಿ, ಆದರೆ ಕಾಯಕ ಬಿಡಬೇಡಿ. ಗೆಳೆಯರ ಮನೆಯಲ್ಲಿ ಸಾವಾದರೆ ಸಂದೇಶ ಕಳಿಸಿ ಸುಮ್ಮನಾಗದೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮೊಳಗಿನ ದೇವರು ಅವರಿಗೂ ಆಸರೆಯಾಗಲಿ.